ಪೇಟೆ ಬೀದಿ ಅಗಲವಾದ ಕಥೆ

ಭಟ್ಕಳ, ಹೊನ್ನಾವರ, ಕುಮಟೆ, ಈ ಮೂರರಲ್ಲಿ ಯಾವ ಊರು ಎಂದು ಮಾತ್ರ ಹೇಳಲಾರೆ. ಈ ಕಥೆಯಲ್ಲಿ ಬರುವ ಜಗಲಿಗಳ ಒಡೆಯರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ನನಗೂ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವುದಿದೆ.

ನಲವತ್ತರ ದಶಕ. ನಾನು ಮುನ್ಸಿಪಾಲಿಟಿಯಲ್ಲಿ ಹೊಸ ಕಾರಕೂನ. ಪೇಟೆ ಬೀದಿಯಲ್ಲಿ ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ಗಂಟೆ ಬೈಗುಳ ಪುಕ್ಕಟೆ. ಪೇಟೆ ಸುಧಾರಣೆಗೆಂದು ಮೆಂಬರರು ಒಂದು ಕಮಿಟಿ ಮಾಡಿದರು. ಆ ಕಮಿಟಿ ಚಾ ಕುಡಿದು ಇನ್ನೊಂದು ಕಮಿಟಿ ಮಾಡಿತು. ಕೊನೆಗೆ ಠರಾವಾಯಿತು: ಎರಡೂ ಬದಿಯ ಮನೆಗಳ ಜಗಲಿಯನ್ನು ಒಂದೊಂದು ಮೊಳ ಕಡಿಯುವುದು. ಓವರ್ಸಿಯರರು ಟೇಪು ಹಿಡಿದು ಹೊರಟರು, ಅದರ ಇನ್ನೊಂದು ತುದಿ ನನ್ನ ಕೈಲಿ. ಪ್ರತಿ ಜಗಲಿಯ ಮೇಲೂ ಸುಣ್ಣದ ಗೆರೆ ಬಿತ್ತು, ನಮ್ಮದರ ಮೇಲೂ.

ನಮ್ಮ ಜಗಲಿ ಇದ್ದದ್ದೇ ಒಂದೂವರೆ ಮೊಳ. ಅಪ್ಪ ತೀರಿಕೊಂಡ ಮೇಲೆ ಆಯಿಯ, ಅಂದರೆ ನನ್ನ ಅಮ್ಮನ, ದಿನವೆಲ್ಲ ಅಲ್ಲಿಯೇ. ಬಸಳೆ ಬಿಡಿಸುವುದು, ಹೋಗಿಬರುವವರನ್ನು ನಿಲ್ಲಿಸಿ ಮಾತಾಡಿಸುವುದು, ಅವರು ಹೋದ ಮೇಲೆ ಅವರ ಬಗ್ಗೆ ಮಾತಾಡುವುದು. ಅವಳಿಗೆ ನೋಟಿಸು ಕೊಡಬೇಕಾದವನು ನಾನೇ.

"ಎಂತದಾ ಅದು ಕಾಗದ?"

"ಮುನ್ಸಿಪಾಲಿಟಿ ನೋಟಿಸು, ಆಯಿ."

"ಮೊದ್ಲು ಉಣ್ಣು. ಆಮೇಲೆ ಕೊಡು."

ಅಷ್ಟರಲ್ಲಿ ದೀಪಾವಳಿ ಬಂತು. ಹಬ್ಬಕ್ಕೆ ಜಗಲಿ ಸಾರಿಸದೆ ಇರುವುದುಂಟೆ? ಬೀದಿಯ ಹೆಂಗಸರೆಲ್ಲ ಸೆಗಣಿ ಹಾಕಿ ಸಾರಿಸಿದರು, ಗೆರೆ ಮಾಯ. ಸರಕಾರದ ಗೆರೆ ಅಳಿಸಿದೆವಲ್ಲ ಎಂದು ಹೆದರಿ, ರಂಗೋಲಿ ಹಾಕುವಾಗ ಅದನ್ನೂ ಭಕ್ತಿಯಿಂದ ಮತ್ತೆ ಎಳೆದರು. ಎಲ್ಲಿ ಎಳೆದರು ಎನ್ನುವುದು ಅವರವರ ನೆನಪಿಗೆ ಬಿಟ್ಟದ್ದು. ಹೆಚ್ಚಿನವರ ನೆನಪು ಜಗಲಿಯ ಅಂಚಿಗೆ ಸರಿದಿತ್ತು. ಕೆಲವರದು ಮೆಟ್ಟಿಲಿಳಿದು ಗಟಾರವನ್ನೂ ದಾಟಿತ್ತು.

ಹಬ್ಬ ಮುಗಿದು ಕಮಿಟಿ ತಪಾಸಣೆಗೆ ಬಂತು. ಗೆರೆ ಇದೆ, ಅಲ್ಲಲ್ಲಿ ಬಳ್ಳಿ ಹೂವೂ ಇದೆ. ಓವರ್ಸಿಯರರು ಅನುಮಾನದಿಂದ ಟೇಪು ಬಿಚ್ಚಿದರು. ಅಧ್ಯಕ್ಷರ ಮನೆಯೂ ಅದೇ ಬೀದಿಯಲ್ಲಿ. ಅವರು ತಮ್ಮ ಹೆಂಡತಿ ಎಳೆದ ಗೆರೆಯನ್ನು ತುಸು ಹೊತ್ತು ನೋಡಿ, "ಅಳತೆ ಒಮ್ಮೆ ಆತಲ್ಲ, ಮತ್ತೆ ಎಂತಕೆ? ಗೆರೆ ಇದ್ದಲ್ಲಿ ಕಡೀರಿ" ಅಂದರು. ಸರ್ವಾನುಮತ. ನಗು ತಡೆದುಕೊಂಡು ನಾನೇ ಬರೆದುಕೊಂಡೆ.

ನಮ್ಮ ಮನೆ ಮುಂದೆ ಬಂದಾಗ ನಗು ನಿಂತಿತು. ಆಯಿಯ ಗೆರೆ ಮೊದಲಿದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಡೀ ಬೀದಿಯಲ್ಲಿ ಕಡಿದದ್ದು ಅದೊಂದೇ ಜಗಲಿ.

"ನಿಂಗೊಬ್ಬಳಿಗೆ ಬುದ್ಧಿ ಇಲ್ವಾ?" ಎಂದು ರೇಗಿದೆ.

"ಟೇಪು ಹಿಡ್ಕಂಡವ ನೀನು. ನಮ್ಮನೆ ಗೆರೆ ಸರದ್ರೆ ನಿನ್ನ ನೌಕರಿಗೇ ಕುತ್ತು ಬರ್ತಿತ್ತು" ಅಂದಳು.

ಆಮೇಲೆ ಎದುರುಬದುರಾದ ಗಾಡಿಗಳೆಲ್ಲ ನಮ್ಮ ಮನೆ ಮುಂದೆಯೇ ಒಂದಕ್ಕೊಂದು ದಾರಿ ಬಿಡುತ್ತಿದ್ದವು. ಪೇಟೆ ಬೀದಿಯನ್ನು ಅಗಲಗೊಳಿಸಲಾಗಿದೆ ಎಂದು ವರ್ಷದ ವರದಿಯಲ್ಲಿ ಬರೆದವನೂ ನಾನೇ. ಆಯಿ ಉಳಿದ ಅರ್ಧ ಮೊಳದಲ್ಲಿ ಮಗ್ಗುಲಾಗಿ ಕೂತು ಗಾಡಿಯವರನ್ನು ಮಾತಾಡಿಸುತ್ತಿದ್ದಳು. ಅವಳನ್ನು ದಾಟಿಕೊಂಡು ಕಚೇರಿಗೆ ಹೋಗಲು ನಾಚಿಕೆಯಾಗಿ, ನಾನು ಹಿತ್ತಲ ಬಾಗಿಲಿನಿಂದ ಹೋಗತೊಡಗಿದೆ.