ಸಿಗ್ಮಕ್ಕ ಜೋಡಿಸದೆ ಬಿಟ್ಟ ಒಂದು ಸಾಲು

ಬೆಳಗಿನ ಆರೂ ಕಾಲು. ಪ್ರಕಾಶನ ಸಂಸ್ಥೆಯ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕಸ ಗುಡಿಸುವವರು ಇನ್ನೂ ಬಂದಿಲ್ಲ, ನಿನ್ನೆಯ ಪ್ರೂಫ್ ಹಾಳೆಗಳ ಚೂರು ಮೇಜುಗಳ ಕೆಳಗೆ ಹಾಗೇ ಬಿದ್ದಿವೆ. ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಐವತ್ತೆಂಟು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ಎಡಗೈ ಮಣಿಕಟ್ಟಿಗೆ ಪಟ್ಟಿ, ಮೂಗಿನ ತುದಿಯಲ್ಲಿ ಕನ್ನಡಕ. ಕಣ್ಣು ಹಸ್ತಪ್ರತಿಯ ಮೇಲಿದೆ, ಕೀಲಿಮಣೆಯನ್ನು ಅವರು ನೋಡುವುದೇ ಇಲ್ಲ. ಎಡಗೈಯ ಕಿರುಬೆರಳು ಕಂಟ್ರೋಲ್ ಗುಂಡಿಯನ್ನು ಒತ್ತುತ್ತದೆ, ತೋರುಬೆರಳು ಜಿ ಗುಂಡಿಯನ್ನು ಮುಟ್ಟುತ್ತದೆ, ಆಮೇಲೆ ಬಲಗೈ ಎಲ್ ಗುಂಡಿಯ ಮೇಲೆ ಬೀಳುತ್ತದೆ. ಪರದೆಯ ಮೇಲೆ ಲ್ಯಾಂಬ್ಡಾ. ಮತ್ತೆ ಅದೇ ಆಟ, ಈ ಸಲ ಪೈ. ನಾನು ಎರಡು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಉದ್ದನೆಯ ಸಮೀಕರಣ ನಿಂತಿರುತ್ತದೆ.

"ಇಷ್ಟು ಬೇಗ ಯಾಕೆ ಬರ್ತೀರಿ?" ಎಂದು ಕೇಳುತ್ತೇನೆ.

"ಒಂಬತ್ತು ಗಂಟೆ ಆದ್ಮೇಲೆ ಎಲ್ಲರೂ 'ಒಂದು ನಿಮಿಷ ಸಿಗ್ಮಕ್ಕ, ಒಂದು ನಿಮಿಷ' ಅಂತ ಬರ್ತಾರೆ. ಅವರ ಒಂದು ನಿಮಿಷ ಮುಗಿಯೋದ್ರೊಳಗೆ ಮಧ್ಯಾಹ್ನ ಆಗಿರುತ್ತೆ. ನನ್ನ ಕೆಲಸ ನಾನು ಮಾಡೋದು ಈ ಹೊತ್ತಲ್ಲೇ."

ಸಿಗ್ಮಕ್ಕ ಎಂಬುದು ಈ ಮಹಡಿ ಇಟ್ಟ ಹೆಸರು. ಗಣಿತ, ಭೌತಶಾಸ್ತ್ರ, ಔಷಧಶಾಸ್ತ್ರದ ಪುಸ್ತಕಗಳಿಗೆ ಗ್ರೀಕ್ ಅಕ್ಷರ ಜೋಡಿಸುವವರು ಅವರೇ. ಗ್ರೀಕ್ ಬರುತ್ತದೆಯೇ ಎಂದರೆ ನಗುತ್ತಾರೆ. "ಆ ಭಾಷೇಲಿ ಒಂದು ಲೋಟ ನೀರು ಕೇಳೋಕೂ ಬರಲ್ಲ ನಂಗೆ. ಆದ್ರೆ ಇಪ್ಪತ್ನಾಲ್ಕು ಅಕ್ಷರದ ಮುಖಾನೂ ಗೊತ್ತು, ಯಾವ ಪ್ರೊಫೆಸರ ಕೈಯಲ್ಲಿ ಯಾವ ಅಕ್ಷರ ಹೇಗೆ ಸೊಟ್ಟಗಾಗುತ್ತೆ ಅಂತಾನೂ ಗೊತ್ತು."

ಓದುವ ನಮಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಕೀಲಿಮಣೆಯ ಮೇಲೆ ಗ್ರೀಕ್ ಅಕ್ಷರವೇ ಇಲ್ಲ. ನಮ್ಮಂಥವರು ಚಿಹ್ನೆಗಳ ಪಟ್ಟಿ ತೆರೆದು, ಹುಡುಕಿ, ಮೌಸ್ ಹಿಡಿದು ಒತ್ತಿ ತರುವಷ್ಟರಲ್ಲಿ ಎಂಟು ಹತ್ತು ಸೆಕೆಂಡು ಹೋಗಿರುತ್ತದೆ. ಸಿಗ್ಮಕ್ಕನಿಗೆ ಒಂದು ಸೆಕೆಂಡು ಸಾಕು. ದಿನಕ್ಕೆ ಮೂವತ್ತು ಪುಟ, ಸುಮಾರು ಒಂಬೈನೂರು ಗ್ರೀಕ್ ಅಕ್ಷರ. ಸಂಸ್ಥೆಗೆ ದಿನಕ್ಕೆ ಹೆಚ್ಚುಕಡಿಮೆ ಎರಡು ಗಂಟೆ ಉಳಿತಾಯ, ಅದೂ ಇಪ್ಪತ್ತಾರು ವರ್ಷದಿಂದ.

ಇದಕ್ಕೆಂದು ಅವರು ಹೊಂದಿಸಿಕೊಂಡ ಶಾರ್ಟ್‌ಕಟ್ ಕೀಲಿಗಳು ಅರವತ್ತೊಂದು. ಕೆಲವು ಸಾಫ್ಟ್‌ವೇರ್ ಕೊಟ್ಟವು, ಮಿಕ್ಕವು ಸ್ವಂತದವು. ರಟ್ಟಿನ ತುಂಡಿನ ಮೇಲೆ ಬರೆದು ಗೋಡೆಗೆ ಅಂಟಿಸಿದ್ದಾರೆ. "ಹೊಸಬರು ಥೀಟಾಗೆ ಟಿ ಒತ್ತುತ್ತಾರೆ. ಟಿ ಒತ್ತಿದ್ರೆ ಟೌ ಬರುತ್ತೆ. ಥೀಟಾ ಬೇಕಂದ್ರೆ ಕ್ಯೂ. ಸೈಗೆ ವೈ, ಈಟಾಗೆ ಎಚ್, ಒಮೇಗಾಗೆ ಡಬ್ಲ್ಯೂ. ಯಾಕೆ ಅಂತ ಕೇಳಬೇಡಿ. ಹೊಸ ಸೊಸೆ ಉಪ್ಪಿನ ಡಬ್ಬ ಎಲ್ಲಿದೆ ಅಂತ ತಿಳ್ಕೊಂಡ್ರೆ ಸಾಕು, ಅಲ್ಲೇ ಯಾಕಿಟ್ಟಿದ್ದಾರೆ ಅಂತ ಕೇಳೋಕೆ ಹೋದ್ರೆ ಅಡುಗೆ ಆಗಲ್ಲ."

ಆ ರಟ್ಟಿನ ನಕಲು ಈಗ ಮಹಡಿಯ ಪ್ರತಿ ಮೇಜಿನ ಮೇಲೂ ಇದೆ. ಸಂಸ್ಥೆಯ ಲಾಂಛನ ಹಾಕಿ, ಬಣ್ಣದಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ ಕೊಟ್ಟಿದ್ದಾರೆ. ತಯಾರಿಸಿದವರು ಯಾರು ಎಂಬ ಒಂದು ಮಾತು ಅದರಲ್ಲಿಲ್ಲ. ಎಲೆಮರೆಯ ಕಾಯಿ ಎಂದು ನಾವು ಬರೆಯುವವರು ಚೆಂದವಾಗಿ ಬರೆದುಬಿಡುತ್ತೇವೆ, ಎಲೆ ತಾನಾಗಿಯೇ ಬಂದು ಕಾಯಿಯನ್ನು ಮುಚ್ಚಿತೇನೋ ಎಂಬಂತೆ. ಇಲ್ಲಿ ಎಲೆಯನ್ನು ಎಳೆದು ಹೊದಿಸಲಾಗಿದೆ. ಹೊದಿಸಿದ ಕೈ ಯಾರದೆಂದೂ ನನಗೆ ಗೊತ್ತು, ಅದನ್ನು ಹೇಳುವುದಕ್ಕೇ ಈ ಬರಹ.

ಸಿಗ್ಮಕ್ಕ ಈ ಕೆಲಸಕ್ಕೆ ಬಂದದ್ದು ಹತ್ತೊಂಬತ್ತರ ಹರೆಯದಲ್ಲಿ. ತಂದೆ ಇದೇ ಸಂಸ್ಥೆಯ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದವರು. ಆಗ ಸೀಸದ ಅಚ್ಚುಮೊಳೆಯ ಕಾಲ. ಗ್ರೀಕ್ ಮೊಳೆಗಳ ಪೆಟ್ಟಿಗೆಯಲ್ಲಿ ಮ್ಯೂ ಅಕ್ಷರ ಇದ್ದದ್ದು ಹನ್ನೊಂದೇ ಹನ್ನೊಂದು. ಒಂದು ಪುಟದಲ್ಲಿ ಹನ್ನೆರಡನೆಯದು ಬಂದರೆ ಇನ್ನೊಂದು ಪುಟ ಅಚ್ಚಾಗಿ ಬಿಚ್ಚುವವರೆಗೂ ಕಾಯಬೇಕು. "ಅಂಥದ್ರಲ್ಲಿ ಒಂದು ಮೊಳೆ ನೆಲಕ್ಕೆ ಬಿದ್ದು ಮೂಗು ಮುರ್ಕೊಂಡಿತ್ತು. ಫೋರ್ಮನ್ ಅಣ್ಣ ವಾರ ಪೂರ್ತಿ ನನ್ನ ಜೊತೆ ಮಾತಾಡ್ಲಿಲ್ಲ," ಎನ್ನುತ್ತಾರೆ. ಮುಂದೆ ಕಂಪ್ಯೂಟರ್ ಬಂದಾಗ ಹದಿನಾಲ್ಕು ಮಂದಿ ಜೋಡಣೆಕಾರರಲ್ಲಿ ಹನ್ನೊಂದು ಮಂದಿ ಮನೆಗೆ ಹೋದರು. ಉಳಿದು ಹೊಸದನ್ನು ಕಲಿತ ಮೂವರಲ್ಲಿ ಇವತ್ತಿಗೂ ಕೆಲಸದಲ್ಲಿರುವವರು ಇವರೊಬ್ಬರೇ. ಕಂಟ್ರೋಲ್ ಗುಂಡಿ ಒತ್ತಿ ಒತ್ತಿ ಎಡಗೈಯ ಕಿರುಬೆರಳು ಹೊರಕ್ಕೆ ಬಾಗಿದೆ. ಬೆಳಿಗ್ಗೆ ಎದ್ದ ಕೂಡಲೇ ಅದು ಮಡಚುವುದಿಲ್ಲ, ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿ ಹೊರಡುತ್ತಾರೆ. ಗಂಡನದು ಮೂಲೆಯಂಗಡಿಯಲ್ಲಿ ಬೀಗ ರಿಪೇರಿ. "ನಮ್ಮನೇಲಿ ಇಬ್ಬರಿಗೂ ಕೀಲಿಯಿಂದಲೇ ಊಟ" ಎಂಬುದು ಅವರ ಖಾಯಂ ತಮಾಷೆ.

ಈಗ ಹೊಟ್ಟೆ ಉರಿಯುವ ಸಂಗತಿಗೆ ಬರುತ್ತೇನೆ.

ನರ್ಸುಗಳು ಜೇಬಿನಲ್ಲಿಟ್ಟುಕೊಳ್ಳುವ ಔಷಧ ಪ್ರಮಾಣದ ಕೈಪಿಡಿಯೊಂದಿದೆ. ಅದನ್ನು ಜೋಡಿಸಿದವರು ಸಿಗ್ಮಕ್ಕ. ಕೆಲವು ಔಷಧಗಳನ್ನು ಮಿಲಿಗ್ರಾಂನಲ್ಲಿ ಕೊಡುತ್ತಾರೆ, ಕೆಲವನ್ನು ಅದರ ಸಾವಿರದ ಒಂದು ಪಾಲಾದ ಮೈಕ್ರೋಗ್ರಾಂನಲ್ಲಿ. ಮೈಕ್ರೋಗ್ರಾಂ ಬರೆಯಲು ಜಿ ಅಕ್ಷರಕ್ಕೆ ಮೊದಲು ಗ್ರೀಕ್ ಮ್ಯೂ ಬೇಕು. ಸಂಸ್ಥೆಯ ಹಳೆಯ ಸಾಫ್ಟ್‌ವೇರಿನಲ್ಲಿ ಮ್ಯೂ ತರುವ ದಾರಿ ಒಂದೇ: ಎಂ ಅಕ್ಷರ ಒತ್ತಿ ಅದಕ್ಕೆ ಗ್ರೀಕ್ ಫಾಂಟ್ ಹಾಕುವುದು. ಸಿಗ್ಮಕ್ಕನ ಕೀಲಿ ಮಾಡುತ್ತಿದ್ದುದೂ ಅದನ್ನೇ. "ವೇಷ ಹಾಕಿದ್ರೆ ಮ್ಯೂ, ವೇಷ ಕಳಚಿದ್ರೆ ಒಳಗಿರೋದು ಎಂ," ಎಂದು ಅವರು ವಿವರಿಸುತ್ತಾರೆ. ಹೊಸ ಸಾಫ್ಟ್‌ವೇರ್ ತರಿಸಿ ಎಂದು ಎರಡು ಸಲ ಬರೆದುಕೊಟ್ಟಿದ್ದರು. ಎರಡು ಪತ್ರಕ್ಕೂ ಉತ್ತರ ಬರಲಿಲ್ಲ.

ಕಳೆದ ವರ್ಷ ಕೈಪಿಡಿಯ ಎರಡನೇ ಮುದ್ರಣ. ಗಂಡನ ಆಪರೇಷನ್ ಎಂದು ಸಿಗ್ಮಕ್ಕ ಮೂರು ವಾರ ರಜೆ ಹಾಕಿದ್ದರು. ಹೋಗುವ ಮುಂಚೆ ಫೈಲಿನ ಮೊದಲ ಪುಟದಲ್ಲೇ ಕೆಂಪು ಅಕ್ಷರದಲ್ಲಿ ಬರೆದಿದ್ದರು: "ಇಡೀ ಪುಸ್ತಕದ ಫಾಂಟನ್ನು ಒಮ್ಮೆಗೇ ಬದಲಿಸಬೇಡಿ." ಹೊಸದಾಗಿ ಬಂದಿದ್ದ ಮ್ಯಾನೇಜರಿಗೆ ಪುಸ್ತಕ ಹಳೇ ಕಾಲದ್ದರಂತೆ ಕಂಡಿತು. ಕಂಟ್ರೋಲ್ ಜೊತೆಗೆ ಎ ಒತ್ತಿ ಎಲ್ಲವನ್ನೂ ಆರಿಸಿದರು, ಕಣ್ಣಿಗೆ ತಂಪಾದ ಹೊಸ ಫಾಂಟ್ ಹಾಕಿದರು, ಕೆಂಪು ಟಿಪ್ಪಣಿಯನ್ನು ಅಳಿಸಿದರು. ಮರುಮುದ್ರಣಕ್ಕೆ ಪ್ರೂಫ್ ಯಾಕೆ ಎಂದು ನೇರವಾಗಿ ಅಚ್ಚಿಗೆ ಕಳಿಸಿದರು. ಪುಸ್ತಕದ ಒಂದೊಂದು ಮ್ಯೂ ಕೂಡ ವೇಷ ಕಳಚಿ ಎಂ ಆಯಿತು, ಇನ್ನೂರ ಹನ್ನೆರಡು ಕಡೆ. ಬೀಟಾ ಹೋಗಿ ಬಿ ಆದರೆ ಯಾರಾದರೂ ಹುಬ್ಬೇರಿಸುತ್ತಾರೆ. ಮ್ಯೂ ಹೋಗಿ ಎಂ ಆದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಮಿಲಿಗ್ರಾಂ ಎಂದು ಸಲೀಸಾಗಿ ಓದಿಸಿಕೊಳ್ಳುತ್ತದೆ. ಸರಿಯಾಗಿಯೇ ಕಾಣುವ ತಪ್ಪು ಅದು, ಔಷಧದ ಪ್ರಮಾಣ ಮಾತ್ರ ಸಾವಿರ ಪಟ್ಟು.

ರಜೆ ಮುಗಿಸಿ ಬಂದ ದಿನ ಮೇಜಿನ ಮೇಲೆ ಹೊಸ ಪ್ರತಿ ಇತ್ತು. "ಸುಮ್ನೆ ಮಧ್ಯದಲ್ಲಿ ಒಂದು ಪುಟ ತೆಗೆದೆ. ನನ್ನ ಕಣ್ಣು ಮ್ಯೂ ಇರೋ ಜಾಗಕ್ಕೇ ಹೋಗುತ್ತೆ, ಅಭ್ಯಾಸ. ಅಲ್ಲಿ ಎಂ ಕೂತಿತ್ತು. ಮುಂದಿನ ಪುಟ ತಿರುಗಿಸಿದೆ, ಅಲ್ಲೂ ಎಂ. ಮೆಟ್ಟಿಲು ಹೇಗಿಳಿದೆ ಅಂತ ನೆನಪಿಲ್ಲ." ಕೆಳಗೆ ಗೋದಾಮಿನಲ್ಲಿ ಮೂರು ಸಾವಿರದಲ್ಲಿ ಹದಿನಾರು ನೂರು ಪ್ರತಿ ಮಾತ್ರ ಉಳಿದಿದ್ದವು. ಮಿಕ್ಕವು ಹಿಂದಿನ ದಿನವೇ ಆಸ್ಪತ್ರೆಗಳಿಗೆ ಹೊರಟುಹೋಗಿದ್ದವು.

ಸಿಗ್ಮಕ್ಕ ಮ್ಯಾನೇಜರ ಅಪ್ಪಣೆಗೆ ಕಾಯಲಿಲ್ಲ. ಮೊದಲ ಫೋನು ನಾದಿನಿಗೆ. ಆಕೆ ದೊಡ್ಡಾಸ್ಪತ್ರೆಯ ಹೃದ್ರೋಗ ವಾರ್ಡಿನ ಹಿರಿಯ ನರ್ಸ್. ಅತ್ತಿಗೆ ನಾದಿನಿಯರ ನಡುವೆ ಹೊಗೆಯಾಡುವ ಹಳೇ ಮುನಿಸೊಂದಿದೆ, ಎರಡು ವರ್ಷದಿಂದ ಮಾತಿರಲಿಲ್ಲ. ನಾದಿನಿ ನನಗೆ ಹೇಳಿದ್ದು ಹೀಗೆ: "ನಾನು 'ಏನತ್ತಿಗೆ, ದಾರಿ ತಪ್ಪಿ ಫೋನ್ ಬಂತಾ?' ಅಂತ ಕೊಂಕಾಡಿದೆ. ಅವರು ಅದನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ. 'ಆ ಹೊಸ ಪುಸ್ತಕ ಎಲ್ಲಿದೆ? ಮೊದಲು ಅದನ್ನ ಕಿತ್ತು ಬೀಗ ಹಾಕಿ, ಆಮೇಲೆ ಬೈರಿ' ಅಂದ್ರು. ನಮಗೆ ಹಳಬರಿಗೆ ಡೋಸ್ ಬಾಯಲ್ಲೇ ಇರುತ್ತೆ. ಪುಸ್ತಕ ನೋಡೋದು ಹೊಸಬರು. ನಾನು ಹೋಗಿ ನೋಡ್ದಾಗ ಹೊಸದಾಗಿ ಸೇರಿದ ನರ್ಸೊಬ್ಬಳು ಅದೇ ಪುಸ್ತಕ ತೆಗೆದಿಟ್ಕೊಂಡು ಲೆಕ್ಕ ಹಾಕ್ತಿದ್ಳು. ಇನ್ನೊಂದು ಅರ್ಧ ಗಂಟೆ ತಡ ಆಗಿದ್ರೆ ಏನಾಗ್ತಿತ್ತೋ."

ಆರು ದಿನದಲ್ಲಿ ಹೊರಗೆ ಹೋದ ಹದಿನಾಲ್ಕು ನೂರು ಪ್ರತಿಯೂ ವಾಪಸ್ ಬಂದವು. ಯಾವ ರೋಗಿಗೂ ತೊಂದರೆಯಾಗಲಿಲ್ಲ. ಇಂಥ ಹೊತ್ತಿನಲ್ಲಿ ಒಂದು ಸಂಸ್ಥೆ ಏನು ಮಾಡಬೇಕು? ಆ ಹೆಂಗಸನ್ನು ಕರೆದು ಕೂರಿಸಿ ಒಂದು ಲೋಟ ಚಹಾ ಕೊಟ್ಟಿದ್ದರೂ ಸಾಕಿತ್ತು. ಇವರು ಆಸ್ಪತ್ರೆಗಳಿಗೆಲ್ಲ ಒಂದು ಚೀಟಿ ಕಳಿಸಿದರು: "ಅಕ್ಷರ ಜೋಡಣೆಯಲ್ಲಾದ ಪ್ರಮಾದಕ್ಕೆ ವಿಷಾದಿಸುತ್ತೇವೆ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಮಾತನ್ನು ಇಷ್ಟು ಅಚ್ಚುಕಟ್ಟಾಗಿ ಆಚರಣೆಗೆ ತಂದವರನ್ನು ನಾನು ಬೇರೆ ಕಂಡಿಲ್ಲ.

ಮ್ಯಾನೇಜರನ್ನು ಹೋಗಿ ಕೇಳಿದೆ. ಗಾಜಿನ ಕೋಣೆ, ನಗುಮುಖ. "ಅದು ಸಾಮಾನ್ಯವಾಗಿ ಬಳಸೋ ಮಾತು, ಯಾರನ್ನೂ ಉದ್ದೇಶಿಸಿ ಬರೆದಿದ್ದಲ್ಲ. ಫಾಂಟ್ ಬದಲಾಯಿಸೋದೂ ಅಕ್ಷರ ಜೋಡಣೆಯ ಒಂದು ಭಾಗ ತಾನೇ?" ಎಂದರು. ಹಾಗಾದರೆ ಆ ದಿನ ಜೋಡಣೆಕಾರರು ನೀವೇ ಆದಿರಲ್ಲ, ಚೀಟಿಯಲ್ಲಿ ನಿಮ್ಮ ಹೆಸರೇ ಹಾಕಬಹುದಿತ್ತಲ್ಲ ಎಂದೆ. ಅವರಿಗೆ ತುರ್ತಾಗಿ ಒಂದು ಮೀಟಿಂಗ್ ನೆನಪಾಯಿತು.

ಈಗ ಮೂರನೇ ಮುದ್ರಣ ತಯಾರಾಗುತ್ತಿದೆ. ಗ್ರೀಕ್ ಅಕ್ಷರವೇ ಬೇಡ, ಇನ್ನೂರ ಹನ್ನೆರಡು ಕಡೆಯೂ "ಮೈಕ್ರೋಗ್ರಾಂ" ಎಂದು ಪೂರ್ತಿಯಾಗಿ ಬರೆದುಬಿಡೋಣ ಎಂದು ಸಭೆಯಲ್ಲಿ ಹೇಳಿದವರು ಸಿಗ್ಮಕ್ಕ. ಅಂದರೆ ತನ್ನ ಕಸುಬಿನ ಅಕ್ಷರವನ್ನು ತಾನೇ ತೆಗೆಸಿದರು. "ಜೀವದ ವಿಷಯದಲ್ಲಿ ನನ್ನ ಬೆರಳಿನ ಜಾಣತನ ಯಾಕೆ ಬೇಕು?" ಎನ್ನುತ್ತಾರೆ. ಸಭೆಯ ನಡಾವಳಿಯಲ್ಲಿ ಇದು ಮ್ಯಾನೇಜರ ಸಲಹೆ ಎಂದು ದಾಖಲಾಗಿದೆ. ನಡಾವಳಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಇಲ್ಲದಿದ್ದರೆ ನಂಬುತ್ತಿರಲಿಲ್ಲ.

ಮುನ್ನೂರ ಎಂಬತ್ತನಾಲ್ಕು ಪುಟ ಮುಗಿದಿವೆ. ಉಳಿದಿರುವುದು ಅರ್ಧ ಪುಟದ ಪ್ರಕಾಶಕರ ಮಾತು. ಜೋಡಿಸಲು ಸಿಗ್ಮಕ್ಕನ ಮೇಜಿಗೇ ಬಂದಿದೆ. ಅದರ ಮೂರನೇ ವಾಕ್ಯ ಹೀಗಿದೆ: "ಕಳೆದ ಮುದ್ರಣದಲ್ಲಿ ಅಕ್ಷರ ಜೋಡಿಸಿದವರ ಅಜಾಗರೂಕತೆಯಿಂದ ನುಸುಳಿದ್ದ ದೋಷಗಳನ್ನು ಇಲ್ಲಿ ಸರಿಪಡಿಸಲಾಗಿದೆ." ಚೀಟಿಯಾದರೆ ಹರಿದು ಹೋಗುತ್ತದೆ. ಇದು ಪುಸ್ತಕದ ಒಳಗೆ, ಅದರ ಆಯಸ್ಸು ಇರುವವರೆಗೂ ಇರುತ್ತದೆ. ತನ್ನ ಮೇಲಿನ ಸುಳ್ಳು ಆರೋಪವನ್ನು ತಾನೇ ತನ್ನ ಬಾಗಿದ ಬೆರಳಿನಿಂದ ಅಚ್ಚುಕಟ್ಟಾಗಿ ಜೋಡಿಸಿ ಕೊಡಬೇಕು.

ಅವರು ಪರದೆಯ ಮೇಲೆ ಆ ಪುಟ ತೋರಿಸುತ್ತಾರೆ. ಎರಡನೇ ವಾಕ್ಯ ಇದೆ, ನಾಲ್ಕನೆಯದೂ ಇದೆ. ನಡುವೆ ಖಾಲಿ ಜಾಗ. ಹನ್ನೆರಡು ದಿನದಿಂದ ಅದು ಹಾಗೇ ಇದೆ. ಮಹಡಿಯ ಇನ್ನಿಬ್ಬರು ಜೋಡಣೆಕಾರರಿಗೆ ಮ್ಯಾನೇಜರು ಹೇಳಿ ನೋಡಿದರಂತೆ. ಇಬ್ಬರೂ ಸಿಗ್ಮಕ್ಕನ ಹತ್ತಿರವೇ ಕೆಲಸ ಕಲಿತವರು. "ಅದು ಅಕ್ಕನ ಪುಟ, ನಾವು ಮುಟ್ಟಲ್ಲ" ಎಂದರು. ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕು, ಅಷ್ಟರಲ್ಲಿ ಪುಟ ತುಂಬದಿದ್ದರೆ ಈ ಕುರ್ಚಿಗೆ ಬೇರೆಯವರು ಬರುತ್ತಾರೆ ಎಂದು ಬುಧವಾರ ಹೇಳಿಕಳಿಸಿದ್ದಾರೆ. ನಿವೃತ್ತಿಗೆ ಇನ್ನು ಎರಡೇ ವರ್ಷ ಬಾಕಿ.

"ಮನೇಲಿ ಇವರು 'ಟೈಪ್ ಮಾಡಿ ಬಿಸಾಕೇ, ಪ್ರಕಾಶಕರ ಮಾತು ಯಾವನು ಓದ್ತಾನೆ' ಅಂತಾರೆ. ನಾನು ಓದ್ತೀನಲ್ಲಾ ಅಂದೆ."

ನಾನೂ ಒಂದು ಉಪಾಯ ಹೇಳಿದೆ. 'ಅಕ್ಷರ ಜೋಡಿಸಿದವರ' ಎಂಬುದರ ಬದಲು 'ಸಂಸ್ಥೆಯ' ಎಂದು ಹಾಕಿಬಿಡಿ, ಯಾರಿಗೂ ತಿಳಿಯುವುದಿಲ್ಲ ಎಂದೆ. ಕಳ್ಳತನ ಮಾಡು ಎಂದವರನ್ನು ನೋಡುವಂತೆ ನನ್ನನ್ನು ನೋಡಿದರು.

"ಹಸ್ತಪ್ರತೀಲಿ ಇರೋದನ್ನ ಯಾರಿಗೂ ಹೇಳದೆ ಬದಲಾಯಿಸೋದಾ? ಅವರು ಮಾಡಿದ್ದೂ ಅದನ್ನೇ ತಾನೇ? ಮೂವತ್ತೊಂಬತ್ತು ವರ್ಷದಲ್ಲಿ ನಾನು ಒಬ್ಬರ ಒಂದು ಚುಕ್ಕಿ ಕೂಡ ಬದಲಾಯಿಸಿಲ್ಲ."

ಪುಸ್ತಕದ ಎರಡನೇ ಪುಟದಲ್ಲಿ ಮುಖಪುಟ ವಿನ್ಯಾಸ ಮಾಡಿದವರ ಹೆಸರಿದೆ, ಲೇಖಕರ ಫೋಟೊ ತೆಗೆದವರ ಹೆಸರಿದೆ. ನಿಮ್ಮ ಹೆಸರೂ ಅಲ್ಲಿ ಬರಬೇಕು ಅಂತ ಆಸೆ ಇಲ್ಲವೇ ಎಂದು ಕೇಳುತ್ತೇನೆ. ಸಿಗ್ಮಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ.

"ಹೆಸರೆಲ್ಲ ಬೇಡಪ್ಪಾ. ಸೋಮವಾರ ಬೆಳಿಗ್ಗೆ ಮ್ಯಾನೇಜರು ಬಂದು ಈ ಕುರ್ಚೀಲಿ ಕೂತ್ಕೊಳ್ಳಲಿ. ಆ ಒಂದು ಸಾಲನ್ನ ಅವರ ಕೈಯಾರೆ ಅವರೇ ಟೈಪ್ ಮಾಡ್ಲಿ. ನಾನು ಪಕ್ಕದಲ್ಲಿ ನಿಂತು ನೋಡ್ತಾ ಇರ್ತೀನಿ, ಬೇರೇನೂ ಹೇಳಲ್ಲ. ನನ್ನ ಮುಂದೆ ಕೂತು ಅವರಿಗೆ ಅದನ್ನ ಟೈಪ್ ಮಾಡೋಕೆ ಆಗೋದಾದ್ರೆ, ಪುಟ ನಾನೇ ಮುಗಿಸಿ ಕೊಟ್ಟು ಮನೆಗೆ ಹೋಗ್ತೀನಿ."