ಹಗ್ಗ ಹಿಡಿದವನ ತೆಲುಗು

"ಆಪು!" ಎಂದು ಬಾವಿಯ ತಳದಿಂದ ಕೂಗು ಬಂತು. ನಾನು ಹಗ್ಗ ಎಳೆಯುತ್ತಲೇ ಇದ್ದೆ.

ಆಪು ಎಂದರೆ ಏನೆಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಕಾಗದದಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ಮೇಲಿನಿಂದ ಮೂರನೆಯ ಸಾಲು. ಆ ಸಾಲನ್ನು ತಲೆಯಲ್ಲಿ ಹುಡುಕಿ, ಅದರ ಮುಂದೆ ಬರೆದಿದ್ದ "ನಿಲ್ಲಿಸು" ನೆನಪಿಗೆ ಬರುವಷ್ಟರಲ್ಲಿ ಕಲ್ಲು ತುಂಬಿದ ಬುಟ್ಟಿ ಬಾವಿಯ ಗೋಡೆಯ ಚೂಪು ಕಲ್ಲಿಗೆ ಸಿಕ್ಕಿ ವಾಲಿತು. ಒಂದು ಕಲ್ಲು ಜಾರಿ ಕೆಳಗಿದ್ದವನ ಹೆಗಲಿಗೆ ಬಿತ್ತು. ಸ್ವಲ್ಪ ಈ ಕಡೆ ಬಿದ್ದಿದ್ದರೆ ತಲೆ.

ಈಗ ನಮ್ಮೂರಿಗೂ ಬೋರ್ ಹೊಡೆಯುವ ಗಾಡಿ ಬರುತ್ತದೆ. ಎರಡು ವರ್ಷದ ಹಿಂದೆ ಬಂದಿರಲಿಲ್ಲ. ಕಲಘಟಗಿ ದಾರಿಯ ನಮ್ಮ ಹೊಲದಲ್ಲಿ ಬಾವಿ ತೋಡಲು ಬಳ್ಳಾರಿಯ ಆಚೆಯಿಂದ ಗಂಡ ಹೆಂಡತಿ ಬಂದಿದ್ದರು. ಮನೆಮಾತು ತೆಲುಗು. ಗಂಡ ಒಳಗೆ ಅಗೆಯುವುದು, ಜೊತೆಗೆ ಬಂದಿದ್ದ ಅವನ ತಮ್ಮ ಮೇಲಿಂದ ರಾಟೆಯಲ್ಲಿ ಬುಟ್ಟಿ ಎಳೆಯುವುದು, ಹೆಂಡತಿ ಮೇಲೆ ಬಂದ ಕಲ್ಲು ಹೊತ್ತು ಹಾಕುವುದು. ತಮ್ಮನಿಗೆ ಜ್ವರ ಬಂದು ಮಲಗಿದ. ಅವನ ಜಾಗದಲ್ಲಿ ನಾನು ನಿಂತೆ.

ಕಲ್ಲು ಬಿದ್ದ ಮೇಲೆ ಗಂಡ ಮೇಲೆ ಬಂದ, ನನ್ನನ್ನು ಬೈಯಲಿಲ್ಲ. ಹೆಂಡತಿಗೆ ಏನೋ ಹೇಳಿ ಮರದ ಕೆಳಗೆ ಹೋಗಿ ಕುಳಿತ.

"ಏನಂತಾನಕ್ಕಾ?" ಎಂದೆ.

"ಹಗ್ಗ ನಿನ್ನ ಕೈಯಾಗಿದ್ರ ಇಳಿಯಂಗಿಲ್ಲಂತ."

"ಕನ್ನಡದಾಗ ಕೂಗಂತ ಹೇಳಕ್ಕಾ ಅವಂಗ."

"ಅವಂಗ ಎಲ್ಲಿ ಬರತೈತಿ ಕನ್ನಡ? ನಾ ಸಂತಿಗೆ ಹೋಕ್ಕೀನಿ, ನಾಕ ಮಂದಿ ಕೂಡ ಜಗಳಾಡ್ತೀನಿ, ಬಂತು. ಅವಾ ದಿನಾ ತೆಗ್ಗಿನಾಗ ಇರ್ತಾನ. ಕಲ್ಲು ಕನ್ನಡ ಮಾತಾಡ್ತಾವೇನು? ಮತ್ತ, ಬಂದ್ರೂ ಏನು? ಅಂಜಿದಾಗ ಬಾಯಿಗೆ ಅವ್ವನ ಮಾತ ಬರೂದು."

ಅಪ್ಪ ಹೊಲದ ಆ ಕಡೆಯಿಂದ ಕೂಗಿದ: "ಲೇ, ನಿನಗ ಆಗಲಿಲ್ಲಂದ್ರ ಹೇಳು. ಬ್ಯಾರೇದವ್ರನ್ನ ಕರೀತೀನಿ. ಮಂದಿ ಜೀವಾ ತಗೀಬ್ಯಾಡ."

ಅವಳು ನನ್ನ ಜೇಬಿನ ಕಾಗದ ಕೇಳಿದಳು. ನಮ್ಮೂರ ಶಾಲೆಯ ಮಾಸ್ತರರು ಹೇಳಿದಂತೆ ಎಡಕ್ಕೆ ತೆಲುಗು, ಬಲಕ್ಕೆ ಕನ್ನಡ ಬರೆದ ಕಾಗದ. ನೋಡಿ, ಮಡಚಿ, ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಾಯಿ ಮುಚ್ಚು," ಎಂದಳು. "ನಾ ಅಂದಂಗ ಮಾಡು. ತಿರುಗಿ ಅನ್ನಬ್ಯಾಡ."

ಖಾಲಿ ಬುಟ್ಟಿ ಕಟ್ಟಿ, ನನ್ನ ಬೆನ್ನ ಹಿಂದೆ ನಿಂತು ಕೂಗಿದಳು. ಲಾಗು ಎಂದಾಗ ತಾನೂ ಹಗ್ಗಕ್ಕೆ ಕೈ ಹಾಕಿ ಎಳೆದಳು. ಆಪು ಎಂದಾಗ ನನ್ನ ಮಣಿಕಟ್ಟು ಹಿಡಿದಳು. ದಿಂಚು ಎಂದಾಗ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಬಿಟ್ಟಳು. ಆಮೇಲೆ ತಾನು ಕೈ ಹಾಕುವುದನ್ನು ಬಿಟ್ಟು ಬರೀ ಕೂಗಿದಳು. ಎರಡು ದಿನ ಇದೇ. ಒಮ್ಮೆ ನಾನು ಮರೆತು "ಲಾಗು" ಎಂದು ತಿರುಗಿ ಅಂದೆ. ಮರದ ಕೆಳಗಿದ್ದ ಗಂಡ ಬಿದ್ದು ಬಿದ್ದು ನಕ್ಕ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮುಂದಿನ ಎರಡು ಕೂಗಿಗೆ ತಪ್ಪು ಮಾಡಿದೆ. ಅವಳು ಅವನಿಗೆ ಬೈದಳು. ಯಾಕೆ ಬಾಯಿ ಮುಚ್ಚಿಸಿದ್ದಳು ಎಂದು ಆಗ ತಿಳಿಯಿತು.

ಆ ಸಂಜೆ ಮಾಸ್ತರರು ಹೊಲಕ್ಕೆ ಬಂದು ನೋಡಿದರು.

"ಏನಲೇ ಇದು, ಎತ್ತು ಪಳಗಿಸಿದಂಗ? ಬರೀಲಾರದ ಭಾಷಾ ಬರತೈತೇನು?"

"ಸರ, ನಿಮ್ಮ ಕಡೆ ಮೂರು ವರ್ಷ ಇಂಗ್ಲಿಷ್ ಬರದೇನ್ರಿ. ಒಂದು ಗುಟುಕು ನೀರು ಕೇಳಾಕ ಬರಂಗಿಲ್ರಿ."

"ನಿನ್ನ ತಲಿ ಹಂಗೈತಿ, ನಾ ಏನ ಮಾಡ್ಲಿ," ಎಂದು ನಕ್ಕು ಹೋದರು. ಅವರ ಮಾತು ಪೂರ್ತಿ ಸುಳ್ಳಲ್ಲ. ತಲೆ ಇದ್ದವರು ಬರೆದೂ ಕಲಿತಿದ್ದಾರೆ.

ಮೂರನೆಯ ದಿನ ಅವನು ಇಳಿಯಲು ಒಪ್ಪಿದ. ಇಳಿಯುವ ಮುಂಚೆ ನನ್ನ ಕೈ ನೋಡಿದ. ಅರ್ಧ ಇಳಿದು ಮತ್ತೆ ತಲೆ ಎತ್ತಿ ನೋಡಿದ. ಮಧ್ಯಾಹ್ನದವರೆಗೆ ಬುಟ್ಟಿ ಏರಿತು, ಇಳಿಯಿತು. ಆಮೇಲೆ ಒಂದು ಬುಟ್ಟಿ ಮೇಲೆ ಬರುವಾಗ ನನ್ನ ಕೈ ತಾನೇ ನಿಂತುಬಿಟ್ಟಿತು. ಯಾಕೆ ನಿಂತಿತು ಎಂದುಕೊಳ್ಳುವಾಗ, ಅವನು ಕೂಗಿದ್ದು ಗೊತ್ತಾಯಿತು. ಬಗ್ಗಿ ನೋಡಿದರೆ ಅದೇ ಗೋಡೆ, ಅದೇ ಚೂಪು ಕಲ್ಲು. ಬುಟ್ಟಿ ಅದರಿಂದ ಒಂದು ಗೇಣು ಕೆಳಗೆ ತೂಗುತ್ತಿತ್ತು.

ಅವಳು ಸೊಂಟದಿಂದ ಕಾಗದ ತೆಗೆದು ನನ್ನ ಜೇಬಿಗೆ ತುರುಕಿದಳು. "ಈಗ ಓದ್ಕೋ," ಎಂದಳು.

ಓದಿದೆ. ಎಲ್ಲ ಸಾಲೂ ಸಲೀಸಾಗಿ ತಲೆಗೆ ಹೋದವು.

ನನಗೆ ತೆಲುಗು ಬಂತು ಎಂದು ಯಾರೂ ತಿಳಿಯಬಾರದು. ಅವರು ರೊಟ್ಟಿ ತಿನ್ನುತ್ತಾ ಏನೋ ಹೇಳಿ ನಗುತ್ತಿದ್ದರೆ ನಾನು ಕಂಬದಂತೆ ಕುಳಿತಿರುತ್ತಿದ್ದೆ. ಹಗ್ಗ ಹಿಡಿದಾಗ ಬೇಕಾದಷ್ಟೇ ಬಂತು. ಅವರ ಜೊತೆ ಊರೂರು ತಿರುಗಿದ್ದರೆ ಆ ನಗುವೂ ಬರುತ್ತಿತ್ತೇನೋ. ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬೀಡಿ ಆರಿಸಿ, ಹಗ್ಗ ಹಿಡಿದು, ಬುಟ್ಟಿಯಲ್ಲಿ ಕಾಲಿಟ್ಟು ಇಳಿದ. ನನ್ನ ಕೈ ನೋಡಲಿಲ್ಲ. ತಳ ಮುಟ್ಟುವವರೆಗೂ ತಲೆ ಎತ್ತಲಿಲ್ಲ.

ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.