ಎದುರುಬದುರು ಬೆಂಚು

ಸೋಡಾ ಮಾಮನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಉಗುರು ಅಡ್ಡಕ್ಕೆ ಬೆಳೆದು, ತುದಿ ಹಿಂದಕ್ಕೆ ಬಾಗಿ, ಬೇರೆ ಯಾರದ್ದೋ ಕೈಯಿಂದ ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಗೋಲಿಸೋಡಾದ ಗೋಲಿ ಒತ್ತಲಿಕ್ಕೆ ಉಳಿದ ಅಂಗಡಿಯವರೆಲ್ಲ ಮರದ ತುಂಡು ಇಟ್ಟುಕೊಂಡರೆ ಇವರಿಗೆ ಬೆರಳೇ ಆಗಬೇಕು. ಕೀಂಯ್ ಎಂದು ಒಂದು ಸದ್ದು, ಆಮೇಲೆ ನೊರೆ. ನನ್ನ ಹೊಲಿಗೆ ಮಿಷನಿನ ಗಡಗಡದ ನಡುವೆಯೂ ಅದು ಕೇಳುತ್ತಿತ್ತು. ಕಡಬ ಪೇಟೆಯಲ್ಲಿ ಅವರ ಅಂಗಡಿಗೂ ನನ್ನ ಲೇಡೀಸ್ ಟೈಲರ್ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ.

ಮಾಮ ಎಂದರೆ ಸಂಬಂಧದ ಮಾಮ ಅಲ್ಲ. ಪೇಟೆಗೇ ಮಾಮ. ಕೋಡಿಂಬಾಳದ ಕಡೆಯವರು, ಮನೆಯಲ್ಲಿ ಒಬ್ಬ ತಂಗಿ ಬಿಟ್ಟರೆ ಯಾರೂ ಇಲ್ಲ.

ಸೋಡಾದಂಗಡಿಗೆ ವ್ಯಾಪಾರ ಆಗುವುದು ಮಧ್ಯಾಹ್ನದ ಬಿಸಿಲಿಗೆ. ಇವರದ್ದು ಎಲ್ಲ ಉಲ್ಟಾ. ಮಧ್ಯಾಹ್ನ ಊಟ ಮಾಡಿ ಬೆಂಚಿನ ಮೇಲೆ ಗೊರಕೆ. ಸಂಜೆ ಪೇಟೆಯ ದೀಪ ಹತ್ತಿದ ಮೇಲೆ ಎದ್ದು, ಮುಖ ತೊಳೆದು, ಗ್ಲಾಸು ಒರೆಸಲಿಕ್ಕೆ ಸುರು. "ಕತ್ತಲಾದ ಮೇಲೆ ಶರಬತ್ತು ಯಾರಿಗೆ ಬೇಕು ಮಾಮ? ನಿಮಗೆ ತಲೆ ಸಮ ಉಂಟಾ?" ಎಂದು ನಾನೇ ಕೇಳಿದ್ದೆ. ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ.

"ಬಿಸಿಲಿನ ಬಾಯಾರಿಕೆಗೆ ನೀರು ಸಾಕು ಮಾರಾಯ್ತಿ," ಎಂದರು. "ಸಂಜೆಯದ್ದು ಬೇರೆಯೇ ಬಾಯಾರಿಕೆ. ಅದು ನಿನಗೆ ಗೊತ್ತಾಗ್ಲಿಕ್ಕಿಲ್ಲ."

ಗೊತ್ತಾಗದೆ ಏನು! ನನ್ನ ಗಂಡ ರಿಕ್ಷಾ ಓಡಿಸುವವರು. ಸಂಜೆ ಆರೂವರೆ ಆಯಿತೆಂದರೆ ಆ ರಿಕ್ಷಾ ಬಾರಿನ ಎದುರು ತಾನೇ ಹೋಗಿ ನಿಲ್ಲುತ್ತಿತ್ತು. ಇವರು ಕೆಟ್ಟವರಲ್ಲ. ಹೊಡೆದವರಲ್ಲ, ಬೈದವರಲ್ಲ. ಆದರೆ ಸಂಜೆಯ ಮೇಲೆ ನನಗೆ ಗಂಡ ಇರಲಿಲ್ಲ, ಮಗಳಿಗೆ ಅಪ್ಪ ಇರಲಿಲ್ಲ, ಅಷ್ಟೆ. ಡಾಕ್ಟ್ರು ಲಿವರ್ ಹಾಳಾಗುತ್ತಿದೆ, ಇನ್ನು ಮುಟ್ಟಬಾರದು ಎಂದು ಹೇಳಿಯಾಗಿತ್ತು. ಅದನ್ನು ಕೇಳಿಕೊಂಡು ಬಂದ ದಿನವೂ ರಿಕ್ಷಾ ಅಲ್ಲೇ ನಿಂತಿತ್ತು.

ಮಾಮ ಇವರಿಗೆ ಬುದ್ಧಿ ಹೇಳಲಿಲ್ಲ. ಒಂದು ಸಂಜೆ ಐಸ್ ತರಲಿಕ್ಕೆ ರಿಕ್ಷಾ ಬೇಕು ಎಂದು ಕರೆದರು. ಐಸ್ ಇಳಿಸಿದ ಮೇಲೆ, "ಕೂತ್ಕೋ ಮಾರಾಯ, ಕ್ಯಾರಮ್ಮಿಗೆ ಒಬ್ಬ ಕಡಿಮೆ ಉಂಟು" ಎಂದರು. ಮರುದಿನವೂ ಐಸ್ ಬೇಕಾಯಿತು, ಮರುದಿನವೂ ಒಬ್ಬ ಕಡಿಮೆಯಿದ್ದ. ಮಳೆಗಾಲದ ಚಳಿಯಲ್ಲಿ ಇಷ್ಟು ಐಸ್ ಯಾರಿಗಪ್ಪಾ ಎಂದು ನಾನು ಗೋಡೆಯ ಈಚೆ ಕೂತು ನಗಾಡಿದ್ದೆ. ನಗಾಡುತ್ತ ಕಣ್ಣು ಒರೆಸಿಕೊಂಡದ್ದೂ ಉಂಟು. ಹಾಗೆ ಹಾಗೆ ರಿಕ್ಷಾ ಬಾರಿನ ಬದಲು ಮಾಮನ ಅಂಗಡಿಯ ಎದುರು ನಿಲ್ಲಲಿಕ್ಕೆ ಸುರುವಾಯಿತು, ಇವರ ಕುಡಿತವೂ ನಿಂತಿತು.

ಅವರ ಅಂಗಡಿಯಲ್ಲಿ ಎರಡು ಬೆಂಚು, ಎದುರುಬದುರು. ರಸ್ತೆಗೆ ಮುಖ ಮಾಡಿ ಹಾಕಿದರೆ ಜಾಸ್ತಿ ಜನ ಹಿಡಿಯುತ್ತಿತ್ತು. ಹಾಗೆ ಹೇಳಿದ್ದಕ್ಕೆ, "ರಸ್ತೆ ನೋಡಿಕೊಂಡು ಕೂತವನಿಗೆ ಎದ್ದು ಹೋಗುವ ಮನಸ್ಸಾಗ್ತದೆ. ಇನ್ನೊಬ್ಬನ ಮುಖ ನೋಡಿ ಕೂತವ ಅಷ್ಟು ಬೇಗ ಏಳುದಿಲ್ಲ" ಎಂದರು. ಗ್ಲಾಸುಗಳು ದಪ್ಪ ತಳದವು, ಕೈಗೆ ಭಾರ ಗೊತ್ತಾಗಬೇಕಂತೆ. ಪುನರ್ಪುಳಿ ಶರಬತ್ತಿಗೆ ಉಪ್ಪು ಹಾಕಿ, ಗಾಂಧಾರಿ ಮೆಣಸು ಜಜ್ಜಿ, ಮೇಲಿಂದ ಸೋಡಾ. "ಗಂಟಲು ಒಮ್ಮೆ ಸುಡ್ಬೇಕು. ಇಲ್ಲದಿದ್ರೆ ಇವರಿಗೆ ಕುಡಿದ ಹಾಗೆ ಆಗುದಿಲ್ಲ." ಆ ಗ್ಲಾಸು ಹಿಡಿದು ಮೇಸ್ತ್ರಿ, ಲೈನ್‌ಮ್ಯಾನ್, ಮೀನಿನಂಗಡಿಯ ಬ್ಯಾರಿ, ನನ್ನ ಗಂಡ ಎಲ್ಲ ಸೇರಿ ಅಡಿಕೆ ಧಾರಣೆಯಿಂದ ಹಿಡಿದು ಕಂಬಳದ ಕೋಣದವರೆಗೆ ಮಾಡುತ್ತಿದ್ದ ಗಲಾಟೆ ನೋಡಬೇಕಿತ್ತು. ಕುಡಿದವರೂ ಅಷ್ಟು ಗಲಾಟೆ ಮಾಡಲಿಕ್ಕಿಲ್ಲ!

ಒಂದು ವಿಷಯದಲ್ಲಿ ಮಾತ್ರ ಮಾಮ ಕಲ್ಲು. ಅಲ್ಲೇ ಕೂತು ಕುಡಿಯುವವರಿಗೆ ಸೋಡಾ, ಪಾರ್ಸೆಲ್ ಇಲ್ಲ. ಸಂಜೆ ಸೋಡಾ ಕಟ್ಟಿಸಿಕೊಂಡು ಹೋಗುವವರು ಯಾತಕ್ಕೆ ಹೋಗುತ್ತಾರೆಂದು ಎಲ್ಲರಿಗೂ ಗೊತ್ತಲ್ಲ. ಸೊಂಟದಲ್ಲಿ ಬಾಟ್ಲಿ ಸಿಕ್ಕಿಸಿಕೊಂಡು ಬಂದವರನ್ನು ಮೆಟ್ಟಿಲಿನಿಂದಲೇ ವಾಪಸು ಕಳಿಸುತ್ತಿದ್ದರು.

ಅಂಥ ಅಂಗಡಿಗೆ ನನ್ನ ಗಂಡ ಒಂದು ಸಂಜೆ ಬಾಟ್ಲಿ ಹಿಡಿದುಕೊಂಡು ಬಂದರು.

ಆದದ್ದು ಇಷ್ಟು. ನಮ್ಮಲ್ಲಿ ಏನಾದರೂ ಕಳೆದುಹೋದರೆ ಅಜ್ಜನಿಗೆ ಹೇಳಿಕೊಳ್ಳುವುದು ಕ್ರಮ. ಅಜ್ಜ ಎಂದರೆ ಊರಿನ ಕಟ್ಟೆಯ ದೈವ. ಕಳೆದದ್ದು ಸಿಕ್ಕಿದರೆ ವೀಳ್ಯ, ಚಕ್ಕುಲಿ, ಒಂದು ಬಾಟ್ಲಿ ಇಟ್ಟು ಅಗೆಲು, ಅಂದರೆ ದೈವದ ಎಡೆ, ಕೊಡಬೇಕು. ಮಗಳ ಕಿವಿಯ ಬೆಂಡೋಲೆ ಕಳೆದಿತ್ತು, ಇವರು ಹೇಳಿಕೊಂಡರು, ಸಿಕ್ಕಿತು. ಹರಕೆ ಬಿಡಲಿಕ್ಕಾಗುತ್ತದಾ? ಬಾಟ್ಲಿ ತಂದರು. ಅಗೆಲು ಇದ್ದದ್ದು ಮರುದಿನ. ಅಷ್ಟರವರೆಗೆ ಅದನ್ನು ಮನೆಯಲ್ಲಿ ಇಡುವ ಧೈರ್ಯ ಇವರಿಗಿಲ್ಲ. ತಪ್ಪಿ ತೆರೆದರೆ ಅಜ್ಜನದ್ದಕ್ಕೆ ಕೈ ಹಾಕಿದ ಹಾಗೆ, ತಾನು ಕುಡಿತ ಬಿಟ್ಟದ್ದೂ ನೀರಿಗೆ. ಇವರು ಬಾಟ್ಲಿ ಹಿಡಿದು ಮಾಮನ ಮೆಟ್ಟಿಲು ಹತ್ತಿದ್ದೇ ಗೋಡೆಯ ಆಚೆ ಗಲಾಟೆ ಒಮ್ಮೆಲೇ ನಿಂತಿತು. ನಾನೂ ಮಿಷನ್ ನಿಲ್ಲಿಸಿದೆ.

"ಮಾಮ, ಇದು ನಾಳೆಯವರೆಗೆ ಇಲ್ಲಿರಲಿ. ಬೈಬೇಡಿ," ಎಂದರು ಇವರು.

"ಅಜ್ಜನದ್ದಾ?" ಎಂದರು ಮಾಮ. "ಅಜ್ಜ ಬಂದು ಕೂರುದಾದ್ರೆ ಬೇಡ ಹೇಳ್ಲಿಕ್ಕೆ ನಾನು ಯಾರು? ತಾ ಇಲ್ಲಿ." ದೀಪದ ಪಕ್ಕದ ಹಲಗೆಯ ಮೇಲೆ ಇಟ್ಟು, ತನ್ನ ಹೆಗಲಿನ ಬೈರಾಸು ಹೊದೆಸಿದರಂತೆ.

ನಮ್ಮ ಕಟ್ಟೆಯ ಅಗೆಲಿಗೆ ಹೆಂಗಸರು ಹೋಗುವ ಕ್ರಮವಿಲ್ಲ. ಮುಂದಿನದ್ದು ಇವರು ಬಂದು ಹೇಳಿದ್ದು. ಮರುದಿನ ಮಾಮ ಅಂಗಡಿ ಬಾಗಿಲು ಹಾಕಿ ಇವರ ಜೊತೆ ಹೋದರು. ಅಗೆಲು ಆಯಿತು, ಪ್ರಸಾದವೆಂದು ಬಾಟ್ಲಿ ಕೈಯಿಂದ ಕೈಗೆ ಬರಲಿಕ್ಕೆ ಸುರುವಾಯಿತು. ಬೇಡ ಎನ್ನುವ ಹಾಗಿಲ್ಲ, ಪ್ರಸಾದ. ಬಾಟ್ಲಿ ಪಕ್ಕದವನವರೆಗೆ ಬಂದಾಗ ಮಾಮ ಒಂದು ಚಕ್ಕುಲಿ ತೆಗೆದು ಇವರ ಅಂಗೈಯಲ್ಲಿಟ್ಟು, "ಇದೂ ಅಜ್ಜನೇ ಕೊಟ್ಟದ್ದು. ಕಣ್ಣಿಗೊತ್ತಿಕೊಂಡು ತಿನ್ನು" ಎಂದರಂತೆ. ಬಾಟ್ಲಿ ದಾಟಿ ಮುಂದೆ ಹೋಯಿತು. ಆ ಚಕ್ಕುಲಿಯ ಅರ್ಧವನ್ನು ಇವರು ಜೇಬಿನಲ್ಲಿಟ್ಟು ಮನೆಗೆ ತಂದಿದ್ದರು. ನಾನೂ ಮಗಳೂ ತಿಂದೆವು. ಅಷ್ಟು ರುಚಿಯ ಚಕ್ಕುಲಿ ನಾನು ಮತ್ತೆ ತಿಂದಿಲ್ಲ.

"ಬಾರಿಗೆ ಹೋಗುವವ ಬರೀ ಕುಡಿಯಲಿಕ್ಕೆ ಹೋಗುದಲ್ಲ," ಎಂದು ಮಾಮ ಒಮ್ಮೆ ನನಗೆ ಹೇಳಿದ್ದರು. "ಕೆಲಸ ಬಿಟ್ಟಾಗಿರ್ತದೆ, ಮನೆಗೆ ಮುಟ್ಟಿರುದಿಲ್ಲ. ನಡುವೆ ಸ್ವಲ್ಪ ಹೊತ್ತು ಕೂರ್ಲಿಕ್ಕೆ ಎಲ್ಲಿಯಾದ್ರೂ ಜಾಗ ಬೇಡವಾ? ಪೇಟೆಯಲ್ಲಿ ಅಂಥ ಜಾಗ ಇರುದು ಅದೊಂದೇ, ಎಂತ ಮಾಡುದು?" ಎಂದವರು ನನ್ನನ್ನೇ ನೋಡಿ, "ನೀನೂ ಬಾ, ಕೂತ್ಕೋ. ಬೆಂಚು ಗಂಡಸರಿಗೇ ಅಂತ ಬರೆದು ಹಾಕ್ಲಿಲ್ಲ ನಾನು" ಎಂದರು. ದಿನಾ ಕರೆಯುತ್ತಿದ್ದರು. "ಬ್ಲೌಸ್ ಕೊಡ್ಲಿಕ್ಕುಂಟು ಮಾಮ, ನಾಳೆ ಬರ್ತೇನೆ" ಎನ್ನುತ್ತಿದ್ದೆ. ಕಡಬದ ಹೆಂಗಸರ ಬ್ಲೌಸ್ ಯಾವತ್ತು ಹೊಲಿದು ಮುಗಿದದ್ದು?

ಕಳೆದ ಬೇಸಿಗೆಯಲ್ಲಿ ಮಾಮ ಎದೆನೋವೆಂದು ಪುತ್ತೂರಿನ ಆಸ್ಪತ್ರೆ ಸೇರಿದರು. ಇವರದ್ದೇ ರಿಕ್ಷಾದಲ್ಲಿ ಕರೆದುಕೊಂಡು ಹೋದದ್ದು. ದಾರಿಯುದ್ದಕ್ಕೂ, "ಬೆಂಚು ಮೂಲೆಗೆ ಹಾಕ್ಬೇಡಿ. ಸೋಡಾ ಇಲ್ಲದಿದ್ರೂ ಅಡ್ಡಿಯಿಲ್ಲ, ಕೂತ್ಕೊಳ್ಳಿ" ಎನ್ನುತ್ತಿದ್ದರಂತೆ. ವಾಪಸು ಬಂದದ್ದು ಆಂಬುಲೆನ್ಸಿನಲ್ಲಿ. ಕೋಡಿಂಬಾಳದ ಮನೆಯ ಅಂಗಳದಲ್ಲಿ ಮಲಗಿಸಿ, ಕ್ರಮದ ಪ್ರಕಾರ ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟಿದ್ದರು. ಎಡದ್ದು ನಮ್ಮ ನಿಮ್ಮ ಬೆರಳಿನ ಹಾಗೆ, ಬಲದ್ದು ಚಪ್ಪಟೆ. ಅದನ್ನು ನೋಡಿದ ಮೇಲೆ ನನಗೆ ಅಲ್ಲಿ ನಿಲ್ಲಲಿಕ್ಕಾಗಲಿಲ್ಲ.

ಆ ಅಂಗಡಿ ಈಗ ಮೊಬೈಲಿನ ಅಂಗಡಿ. ಬೆಂಚು ಎರಡನ್ನೂ ನಾನು ನನ್ನ ಜಗಲಿಯಲ್ಲಿ ಹಾಕಿಸಿದೆ, ಎದುರುಬದುರೇ. ಮೊದಮೊದಲು ಎಲ್ಲರೂ ಬಂದರು. ಆದರೆ ಲೇಡೀಸ್ ಟೈಲರ್ ಅಂಗಡಿ ನೋಡಿ, ಅಳತೆ ಕೊಡಲಿಕ್ಕೆ ಬರುವ ಹುಡುಗಿಯರ ಎದುರು ಗಂಡಸರು ಎಷ್ಟು ದಿನ ಕೂತಾರು? ಲೈನ್‌ಮ್ಯಾನಿಗೆ ಸಂಕೋಚ, ಬ್ಯಾರಿಗೆ ಮಗನ ಮದುವೆಯ ಗಡಿಬಿಡಿ. ಮೇಸ್ತ್ರಿಯ ಬೈಕು ಈಗ ಬಾರಿನ ಎದುರು ಕಾಣುತ್ತದೆ. ನನ್ನನ್ನು ಕಂಡರೆ ಅವರು ತಲೆ ತಗ್ಗಿಸುತ್ತಾರೆ, ನಾನೂ ಆಚೆ ನೋಡುತ್ತೇನೆ. ಮಾಮ ಇದ್ದಿದ್ದರೆ ಹೇಗೋ ಕರೆದು ಕೂರಿಸುತ್ತಿದ್ದರು. ಆ ವಿದ್ಯೆ ನನಗೆ ಬರುವುದಿಲ್ಲ.

ಮೊನ್ನೆ ಸಂಜೆ ಮಳೆ. ನನ್ನ ಗಂಡ ಒಬ್ಬರೇ ಬಂದು ಬೆಂಚಿನಲ್ಲಿ ಕೂತರು, ಎದುರಿನ ಬೆಂಚು ಖಾಲಿ. ಸ್ವಲ್ಪ ಹೊತ್ತಿನಲ್ಲಿ ಅವರ ಕಣ್ಣು ರಸ್ತೆಯ ಕಡೆ ತಿರುಗಿತು. ಮತ್ತೊಮ್ಮೆ ತಿರುಗಿತು. ಅರ್ಧ ಹೊಲಿದ ಬ್ಲೌಸನ್ನು ಮಿಷನಿನಲ್ಲೇ ಬಿಟ್ಟು ನಾನು ಎದ್ದೆ. ಪುನರ್ಪುಳಿಗೆ ಗಾಂಧಾರಿ ಜಜ್ಜಿ ಹಾಕಿ, ಎರಡು ಗ್ಲಾಸು ತಂದು, ಎದುರಿನ ಬೆಂಚಿನಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಆ ಬೆಂಚಿನಲ್ಲಿ ನಾನು ಕೂತದ್ದು ಅದೇ ಮೊದಲು.

ಅವರು ಒಂದು ಗುಟುಕು ಕುಡಿದು, "ಮಾಮನ ಹಾಗೆ ಸುಡುದಿಲ್ಲ" ಎಂದರು.

"ನಾಳೆ ಇನ್ನೊಂದು ಮೆಣಸು ಹಾಕ್ತೇನೆ" ಎಂದೆ.

ಅವರು ಉಳಿದದ್ದನ್ನೂ ಕುಡಿದು ಗ್ಲಾಸು ಕೆಳಗಿಟ್ಟರು. ಆಮೇಲೆ ಅವರೇ, "ಮಾಮ ನಿನ್ನನ್ನು ದಿನಾ ಕರೀತಿದ್ರು" ಎಂದರು.

"ಹೌದು, ಕರೀತಿದ್ರು" ಎಂದೆ. ಬರಬೇಕಿತ್ತು ನಾನು.